ತೂಕಕ್ಕೆ ಬಿದ್ದ ಬೆಳ್ಳಿ

ಗುಂಡ್ಲುಪೇಟೆ ದಾಟಿ, ಬಂಡೀಪುರ–ಮುತ್ತಂಗದ ಕಾಡು ಕಳೆದು ಸುಲ್ತಾನ್ ಬತ್ತೇರಿ ಮುಟ್ಟುವ ನಮ್ಮವರ ಪಟ್ಟಿ ಹೆಚ್ಚುಕಡಿಮೆ ಒಂದೇ: ಎಡಕಲ್ಲು ಗುಹೆ, ಪೂಕೋಡು ಕೆರೆ, ಬರುವಾಗ ಒಂದಿಷ್ಟು ಕಾಳುಮೆಣಸು. ಆಕ್ರಿಕಡ, ಅಂದರೆ ನಮ್ಮ ಗುಜರಿ ಅಂಗಡಿ, ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಹಳೇ ಸಾಮಾನಿನ ಹುಚ್ಚಿದ್ದವರು ಅಲ್ಲೂ ಒಂದು ಗಳಿಗೆ ನಿಲ್ಲಬೇಕು.

ಗುಜರಿಯ ನ್ಯಾಯ ಸರಳ. ಕಬ್ಬಿಣಕ್ಕೊಂದು ದರ, ಹಿತ್ತಾಳೆಗೊಂದು, ಕಂಚಿಗೊಂದು. ಪಾಯಸ ಕಾಯಿಸಿದ ಉರುಳಿ ಕಂಚಿನ ದರಕ್ಕೆ, ಕೈಕಾಲು ತೊಳೆಯಲು ನೀರು ಕೊಟ್ಟ ಗಿಂಡಿ ಹಿತ್ತಾಳೆ ದರಕ್ಕೆ. ವಯಸ್ಸು, ಕುಸುರಿ ಯಾವುದೂ ತಕ್ಕಡಿಗೆ ಗೊತ್ತಾಗುವುದಿಲ್ಲ. ಬೆಳ್ಳಿಯೆಂದು ತಿಳಿದದ್ದನ್ನು ಯಾರೂ ಇಲ್ಲಿಗೆ ತರುವುದಿಲ್ಲ, ಅದು ನೇರ ಚಿನಿವಾರರ ಅಂಗಡಿಗೆ ಹೋಗುತ್ತದೆ. ಗುಜರಿಗೆ ಬೀಳುವುದು ಬೆಳ್ಳಿಯೆಂದು ಗುರುತು ಸಿಗದ ಬೆಳ್ಳಿ.

ವಯನಾಡಿನಲ್ಲಿ ಅಂಥದ್ದು ಬೀಳಲು ಕಾರಣವಿದೆ. 19ನೇ ಶತಮಾನದಲ್ಲಿ ಬ್ರಿಟಿಷರು ಇಲ್ಲಿ ಕಾಫಿ ತೋಟ ಎಬ್ಬಿಸಿದರು. 1880ರ ಸುಮಾರಿಗೆ, ಆಗ ವಯನಾಡಿನದೇ ಸೀಮೆ ಎನಿಸಿದ್ದ ದೇವಾಲ, ಪಂದಲೂರಿನಲ್ಲಿ ಚಿನ್ನವಿದೆ ಎಂದು ಲಂಡನ್ನಿನಲ್ಲಿ ಕಂಪನಿಗಳ ಮೇಲೆ ಕಂಪನಿ ಹುಟ್ಟಿದವು. ಚಿನ್ನದ ಕನಸು ಕೆಲವೇ ವರ್ಷಗಳಲ್ಲಿ ಮುಳುಗಿತು. ತೋಟದ ಬಂಗಲೆಗಳು ಉಳಿದು ಕೈಯಿಂದ ಕೈಗೆ ದಾಟಿದವು. ಹಾಗೆ ದಾಟುವಾಗ ಊಟದ ಮೇಜಿನ ಚಮಚ, ಮುಳ್ಳುಚಮಚ, ಟೀ ಜಗ್ಗು ಮೂಲೆಗೆ ಬೀಳುವುದು ಸಹಜ.

ಕಪ್ಪಾದ ಚಮಚವೊಂದು ಸಿಕ್ಕಿತೆನ್ನಿ. ತಿರುಗಿಸಿ ಹಿಡಿಕೆಯ ಹಿಂಬದಿ ನೋಡಿ. ನಡೆಯುತ್ತಿರುವ ಸಿಂಹದ ಮುದ್ರೆಯಿದ್ದರೆ ಅದು ಇಂಗ್ಲೆಂಡಿನ ಸ್ಟರ್ಲಿಂಗ್, ಸಾವಿರಕ್ಕೆ 925 ಪಾಲು ಬೆಳ್ಳಿ. ಪಕ್ಕದಲ್ಲಿ ಚಿರತೆಯ ಮುಖವಿದ್ದರೆ ಲಂಡನ್, ಲಂಗರಿದ್ದರೆ ಬರ್ಮಿಂಗ್‌ಹ್ಯಾಮ್, ಹಳೆಯ ಮಾಲಿನಲ್ಲಿ ಕಿರೀಟವಿದ್ದರೆ ಶೆಫೀಲ್ಡ್. ಜೊತೆಗಿರುವ ಒಂಟಿ ಅಕ್ಷರ ವರ್ಷ ಹೇಳುತ್ತದೆ. ವಿಕ್ಟೋರಿಯಾ ರಾಣಿಯ ತಲೆಯೂ ಇದ್ದರೆ 1890ಕ್ಕಿಂತ ಈಚಿನದಲ್ಲ, ಏಕೆಂದರೆ ಬೆಳ್ಳಿಯ ಮೇಲಿನ ಸುಂಕ ಸಂದಾಯವಾಯಿತೆಂಬ ಆ ಮುದ್ರೆ ಅಲ್ಲಿಗೇ ನಿಂತಿತು.

ಹತ್ತರಲ್ಲಿ ಒಂಬತ್ತು ಸಲ ಸಿಗುವುದು ಇ.ಪಿ.ಎನ್.ಎಸ್. ಎಂಬ ನಾಲ್ಕಕ್ಷರ. ತಾಮ್ರ, ನಿಕ್ಕಲ್, ಸತು ಬೆರೆಸಿದ ಲೋಹಕ್ಕೆ ವಿದ್ಯುತ್ತಿನಿಂದ ಬೆಳ್ಳಿ ನೀರು ಕುಡಿಸಿದ್ದು. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ನರು 1840ರಲ್ಲಿ ಪೇಟೆಂಟ್ ಪಡೆದ ವಿದ್ಯೆ. ಚಾಲಾಕಿ ತಯಾರಕರು ಒಂದೊಂದು ಅಕ್ಷರವನ್ನೂ ಒಂದೊಂದು ಪುಟ್ಟ ಚೌಕಟ್ಟಿನಲ್ಲಿ ಒತ್ತಿ ಅಸಲಿ ಮುದ್ರೆಯ ಠೀವಿ ಕೊಟ್ಟಿದ್ದಾರೆ! ಚಮಚ ಮೇಜಿಗೆ ತಾಗುವ ಬುಡ ನೋಡಿದರೆ ಗುಟ್ಟು ರಟ್ಟು: ಲೇಪ ಸವೆದು ಒಳಲೋಹ ಇಣುಕುತ್ತಿರುತ್ತದೆ.

ಆದರೆ ಸಿಂಹವಿಲ್ಲ ಎಂದಮಾತ್ರಕ್ಕೆ ಬಿಸಾಡಬೇಡಿ. ಬ್ರಿಟಿಷ್ ಇಂಡಿಯಾದಲ್ಲಿ ಬೆಳ್ಳಿಗೆ ಸರ್ಕಾರಿ ಮುದ್ರೆಯ ಏರ್ಪಾಡೇ ಇರಲಿಲ್ಲ. ಮದರಾಸಿನ ಪಿ. ಓರ್ ಅಂಡ್ ಸನ್ಸ್‌ನಂಥವರು ಬರೀ ತಮ್ಮ ಹೆಸರು ಒತ್ತುತ್ತಿದ್ದರು. ಮೈತುಂಬ ದೇವರ ಉಬ್ಬುಚಿತ್ರಗಳಿರುವ ಅವರ ‘ಸ್ವಾಮಿ’ ಬೆಳ್ಳಿಗೆ ಇವತ್ತು ಹರಾಜಿನಲ್ಲಿ ಒಳ್ಳೆಯ ಗಿರಾಕಿ. ಗುಜರಿಯ ಡಬ್ಬಿಯ ತಳದ ನಾಣ್ಯಗಳನ್ನೂ ಕೆದಕಿ: 1939ರವರೆಗಿನ 11.66 ಗ್ರಾಂ ರೂಪಾಯಿಯಲ್ಲಿ ಶೇ. 91.7 ಬೆಳ್ಳಿ. ಯುದ್ಧಕಾಲದ ರೂಪಾಯಿಯಲ್ಲಿ ಅರ್ಧಕ್ಕರ್ಧ. 1947ರದು ಬರೀ ನಿಕ್ಕಲ್.

ಬೆಳ್ಳಿಯ ಗುಂಗಿನಲ್ಲಿ ಅಂಬಲವಯಲಿನ ವಸ್ತುಸಂಗ್ರಹಾಲಯವನ್ನು ಮರೆಯಬಾರದು. ಎಡಕಲ್ಲಿನ ದಾರಿಯಲ್ಲೇ ಇದೆ. ಜಿಲ್ಲೆಯಲ್ಲಿ ಸಿಕ್ಕ ವೀರಗಲ್ಲುಗಳು, ಮಣ್ಣಿನ ಶಿಲ್ಪಗಳು, ಆದಿವಾಸಿ ಬದುಕಿನ ಸಾಮಾನುಗಳು ಅಲ್ಲಿವೆ. ಇಲ್ಲಿನ ಪಣಿಯ ಬುಡಕಟ್ಟಿನ ಹೆಂಗಸರ ಹಳೆಯ ಕಿವಿಯೋಲೆ ಚೂತುಮಣಿಯಲ್ಲಿ ಲೋಹವೇ ಇಲ್ಲ: ಸುರುಳಿ ಸುತ್ತಿದ ಎಲೆ, ಅದರೊಳಗೆ ಮೇಣದಲ್ಲಿ ಕೂರಿಸಿದ ಗುಲಗಂಜಿ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಕಾಳೇ ಇಲ್ಲಿ ಒಡವೆ. ನನಗಂತೂ ಯಾವ ವಿಕ್ಟೋರಿಯಾ ಚಮಚಕ್ಕಿಂತ ಇದೇ ಹೆಚ್ಚು.

ಗುಜರಿಯಲ್ಲಿ ಹಳೆಯ ವಿಗ್ರಹ ಕಂಡರೆ ಚೌಕಾಸಿಗೆ ಇಳಿಯಬೇಡಿ. ದೇವಸ್ಥಾನದಿಂದ ಕದ್ದ ಮಾಲೂ ಆಗಿರಬಹುದು, ಪೊಲೀಸರಿಗೆ ತಿಳಿಸುವುದು ಕ್ಷೇಮ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅವನ್ನು ದೇಶದಾಚೆ ಒಯ್ಯುವಂತಿಲ್ಲ. ಅಮೆರಿಕದ ಮಗಳಿಗೆಂದು 1890ರ ಟೀ ಜಗ್ಗನ್ನು ಸೂಟ್‌ಕೇಸಿಗೆ ತುರುಕುವ ಮೊದಲು ಇದು ನೆನಪಿರಲಿ.

ಮನೆಗೆ ತಂದ ಚಮಚವನ್ನು ಬೂದಿ ಹಾಕಿ ತಿಕ್ಕಬೇಡಿ, ಮುದ್ರೆ ಸವೆದರೆ ಅದರ ವರ್ಷವೂ ಹೋಯಿತು. ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿ, ಅದಕ್ಕೆ ತಾಗುವಂತೆ ಚಮಚ ಇಟ್ಟು, ಅಡುಗೆ ಸೋಡಾ ಬೆರೆಸಿದ ಬಿಸಿನೀರು ಹುಯ್ಯಿರಿ. ಬೆಳ್ಳಿಗೆ ಅಂಟಿದ ಗಂಧಕವನ್ನು ಅಲ್ಯೂಮಿನಿಯಂ ಎಳೆದುಕೊಳ್ಳುತ್ತದೆ, ಕಪ್ಪು ಬಿಡುತ್ತದೆ. ಕಲ್ಲು ಕೂರಿಸಿದ ಅಥವಾ ಕುಸುರಿಯ ಸಂದಿಗೆ ಬೇಕೆಂದೇ ಕಪ್ಪು ಬಿಟ್ಟ ಸಾಮಾನಿಗೆ ಮಾತ್ರ ಈ ಉಪಾಯ ಬೇಡ.