ಸೊಬಗಿನ ಮಂಟಪ (ಪ್ಯಾರಿಸ್, ೧೯೩೭)

ಪ್ಯಾರಿಸ್ ನಗರದಲ್ಲಿ ೧೯೩೭ರ ಮೇ ತಿಂಗಳಿಂದ ನವೆಂಬರ್‌ವರೆಗೆ ನಡೆದ ಅಂತರರಾಷ್ಟ್ರೀಯ ವಸ್ತುಪ್ರದರ್ಶನದಲ್ಲಿ ಫ್ರಾನ್ಸಿನ ಉಡುಪು ವಿನ್ಯಾಸಕ್ಕೆ ಮೀಸಲಾಗಿದ್ದ ವಿಭಾಗವೇ ಸೊಬಗಿನ ಮಂಟಪ. ಫ್ರೆಂಚ್ ಭಾಷೆಯಲ್ಲಿ ಇದರ ಹೆಸರು 'ಪವಿಯೋಂ ದ ಲೆಲೆಗಾನ್ಸ್'. ವಾಸ್ತುಶಿಲ್ಪಿ ಎಮಿಲ್ ಆಯೋ ಇದರ ಒಳಾಂಗಣವನ್ನು ಗುಹೆಯನ್ನು ನೆನಪಿಸುವಂತೆ ರೂಪಿಸಿದರು.

ಮಂಟಪದ ನಿಜವಾದ ವೈಶಿಷ್ಟ್ಯವಿದ್ದುದು ಬೊಂಬೆಗಳಲ್ಲಿ. ಶಿಲ್ಪಿ ರೊಬೇರ್ ಕುತ್ಯುರಿಯೆ (ಈ ಅಡ್ಡಹೆಸರಿಗೆ ಫ್ರೆಂಚಿನಲ್ಲಿ 'ಉಡುಪು ಹೊಲಿಯುವವ' ಎಂದೇ ಅರ್ಥವಿರುವುದು ಕಾಕತಾಳೀಯ) ಅವುಗಳನ್ನು ಅಂಗಡಿಯ ನಗುಮೊಗದ ಬೊಂಬೆಗಳಂತೆ ಮಾಡಲಿಲ್ಲ. ಆಳೆತ್ತರವನ್ನು ಮೀರಿದ ಒರಟು ಮೈ, ಕಣ್ಣುಮೂಗುಗಳಿಲ್ಲದ ಮುಖ, ಬರುವ ಅಪಾಯವನ್ನು ತಡೆಯುವಂತೆ ಚಾಚಿದ ಕೈಗಳು; ಅವುಗಳ ಮೇಲೆ ನಯವಾದ ಸಂಜೆಯುಡುಪುಗಳು. ಅದೇ ಪ್ರದರ್ಶನದ ಸ್ಪೇನ್ ಮಂಟಪದಲ್ಲಿ ಪಿಕಾಸೊ ಅವರ 'ಗೆರ್ನಿಕ' ಚಿತ್ರವಿತ್ತೆಂಬುದನ್ನು ನೆನೆದರೆ, ಈ ಭಂಗಿಗಳು ಬರಿಯ ಅಲಂಕಾರವೆನಿಸುವುದಿಲ್ಲ.

ಎಲ್ಲರಿಗೂ ಇವು ರುಚಿಸಲಿಲ್ಲ. ವಿನ್ಯಾಸಕಿ ಎಲ್ಸಾ ಸ್ಕಿಯಾಪರೆಲ್ಲಿ ತಮ್ಮ ಪಾಲಿನ ಬೊಂಬೆಗೆ ಬಟ್ಟೆ ತೊಡಿಸಲೊಪ್ಪದೆ, ಅದನ್ನು ಬೆತ್ತಲಾಗಿ ಹೂಗಳ ನಡುವೆ ಮಲಗಿಸಿ, ಉಡುಪುಗಳನ್ನು ಒಗೆದ ಬಟ್ಟೆಯಂತೆ ಪಕ್ಕದ ಹಗ್ಗದ ಮೇಲೆ ಹರವಿದರು. ಇದು ಪ್ರತಿಭಟನೆಯೂ ಹೌದು, ಜಾಣ ಪ್ರಚಾರವೂ ಹೌದು.

ಮಂಟಪವನ್ನು ಇಂದು ಅರಿಯಲು ಮುಖ್ಯ ಆಧಾರ ಜರ್ಮನ್ ಕಲಾವಿದ ವೋಲ್ಸ್ ತೆಗೆದ ಛಾಯಾಚಿತ್ರಗಳು. ಆ ಕಾಲದಲ್ಲಿ ಅವು ಅಂಚೆಕಾರ್ಡುಗಳಾಗಿಯೂ ಮಾರಾಟವಾದವು.