ಮೂಳೆಗೆ ರೇಷ್ಮೆಯ ಆಸರೆ

ರೇಷ್ಮೆ ಅಂದರೆ ನಮಗೆ ಸೀರೆ ನೆನಪಾಗುತ್ತದೆ. ರಾಮನಗರದ ಗೂಡಿನ ಮಾರುಕಟ್ಟೆ ನೆನಪಾಗುತ್ತದೆ. ಚನ್ನಪಟ್ಟಣ, ಕನಕಪುರ, ಮಾಗಡಿಯ ಹಳ್ಳಿಗಳಲ್ಲಿ ನಾವು ಹುಳು ಸಾಕುತ್ತೇವೆ. ಇದೇ ರೇಷ್ಮೆಯಿಂದ ಮುರಿದ ಮೂಳೆಗೂ ಆಸರೆ ಮಾಡಬಹುದು. ಅದು ಹೇಗೆ? ತಿಳಿಯೋಣ.

ಮೂಳೆ ಯಾಕೆ ಸವೆಯುತ್ತದೆ?

ಮೂಳೆ ಕಲ್ಲಲ್ಲ. ಅದಕ್ಕೂ ಜೀವ ಇದೆ. ಹಳೆ ಮೂಳೆ ಕರಗುತ್ತಾ ಇರುತ್ತದೆ. ಹೊಸದು ಬೆಳೆಯುತ್ತಾ ಇರುತ್ತದೆ. ಮುಟ್ಟು ನಿಂತ ಮೇಲೆ ನಮ್ಮಲ್ಲಿ ಕರಗುವುದೇ ಹೆಚ್ಚು. ಆಗ ಮೂಳೆ ಒಳಗೊಳಗೇ ಟೊಳ್ಳಾಗುತ್ತದೆ, ಗೆದ್ದಲು ಹಿಡಿದ ತೊಲೆಯ ಹಾಗೆ. ಮುರಿಯುವವರೆಗೂ ಗೊತ್ತೇ ಆಗೋದಿಲ್ಲ. ಬಚ್ಚಲಲ್ಲಿ ಜಾರಿದರೂ ಸಾಕು, ಸೊಂಟದ ಮೂಳೆ ಮುರಿಯಬಹುದು. ಬೆನ್ನು ಬಾಗಿದರೆ "ವಯಸ್ಸಾಯ್ತು ಬಿಡಿ" ಅಂತೀವಿ. ಬೆನ್ನಿನ ಮೂಳೆ ಕುಸಿದಿರಬಹುದು.

ಮೂಳೆಗೊಂದು ಚಂದ್ರಿಕೆ

ಹಣ್ಣಾದ ಹುಳುವನ್ನು ನಾವು ಚಂದ್ರಿಕೆಗೆ ಬಿಡುತ್ತೇವೆ. ಆಸರೆ ಸಿಕ್ಕಿದರೆ ತಾನೇ ಅದು ಗೂಡು ಕಟ್ಟೋದು? ಮೂಳೆಯೂ ಹಾಗೆ. ಸಣ್ಣ ಬಿರುಕು ತಾನಾಗಿ ಕೂಡುತ್ತದೆ. ದೊಡ್ಡ ಸಂದು ಬಿದ್ದರೆ ಹೊಸ ಮೂಳೆ ಬೆಳೆಯಲು ಆಸರೆ ಬೇಕು.

ರೇಷ್ಮೆ ಎಳೆಯ ಹೊರಗೆ ಅಂಟು ಇದೆ. ಒಳಗೆ ಗಟ್ಟಿ ನಾರು ಇದೆ. ಅದರ ಹೆಸರು ಫೈಬ್ರಾಯಿನ್. ವಿಜ್ಞಾನಿಗಳು ಎಳೆಯನ್ನು ಕುದಿಸಿ ಅಂಟು ತೆಗೆಯುತ್ತಾರೆ. ನಾರನ್ನು ಕರಗಿಸಿ, ಸ್ಪಂಜಿನಂಥ ತುಂಡು ಮಾಡುತ್ತಾರೆ. ಮೂಳೆಯಲ್ಲಿರುವ ಕ್ಯಾಲ್ಸಿಯಂ ಅಂಶವನ್ನು ಅದಕ್ಕೆ ಸೇರಿಸುತ್ತಾರೆ. ಈ ತುಂಡನ್ನು ಸಂದಿನಲ್ಲಿ ಇಟ್ಟರೆ, ಅದರ ತೂತುಗಳಲ್ಲಿ ಹೊಸ ಮೂಳೆ ಬೆಳೆಯುತ್ತದೆ. ರೇಷ್ಮೆ ನಿಧಾನವಾಗಿ ಕರಗಿ ಹೋಗುತ್ತದೆ.

ಪ್ರಾಣಿಗಳ ಮೇಲೆ ಈ ಪ್ರಯೋಗ ನಡೆದಿದೆ. ಮೂಳೆ ಸವೆತಕ್ಕೆ ಇದು ಇನ್ನೂ ರೂಢಿಯ ಚಿಕಿತ್ಸೆ ಆಗಿಲ್ಲ. ಯಾರಾದರೂ "ರೇಷ್ಮೆ ಔಷಧಿ" ಅಂತ ಮಾರಲು ಬಂದರೆ ನಂಬಬೇಡಿ. ಮನೆಯ ರೇಷ್ಮೆಯನ್ನು ಗಾಯಕ್ಕೆ ಕಟ್ಟಬೇಡಿ.

ನಮ್ಮ ಕೈಲಿ ಇರುವುದು

ಇಂಥ ಆಸರೆ ಮುರಿದ ಒಂದು ಜಾಗಕ್ಕೆ ಮಾತ್ರ. ಇಡೀ ಮೈಯ ಮೂಳೆಯನ್ನು ನಾವೇ ಕಾಪಾಡಿಕೊಳ್ಳಬೇಕು.

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬಿಳಿ ಅಕ್ಕಿಯಲ್ಲಿ 10ರ ಆಸುಪಾಸು ಮಾತ್ರ. ಮುದ್ದೆ, ಸೊಪ್ಪು, ಮಜ್ಜಿಗೆ ಬಿಡಬಾರದು. ಬಿಸಿಲು ಮೈಗೆ ಬೀಳಬೇಕು. ದಿನಾ ನಡೆಯಬೇಕು. ಬಚ್ಚಲಲ್ಲಿ ಪಾಚಿ ಕಟ್ಟದ ಹಾಗೆ ನೋಡಿಕೊಳ್ಳಬೇಕು.

ಸಣ್ಣ ಪೆಟ್ಟಿಗೇ ಮೂಳೆ ಮುರಿದರೆ, ಪಟ್ಟಿ ಕಟ್ಟಿಸಿ ಸುಮ್ಮನಾಗಬಾರದು. "ಮೂಳೆ ಸವೆತ ಇದೆಯಾ?" ಅಂತ ಡಾಕ್ಟರನ್ನು ಕೇಳೋಣ. ಡೆಕ್ಸಾ ಎಂಬ ಪರೀಕ್ಷೆಯಿಂದ ಅದು ತಿಳಿಯುತ್ತದೆ. ಸವೆತ ತಡೆಯುವ ಔಷಧಿಗಳೂ ಇವೆ.

ಹುಳುವಿಗೆ ಹೊತ್ತು ಹೊತ್ತಿಗೆ ಸೊಪ್ಪು ಹಾಕುತ್ತೇವೆ. ಒಂದು ಹೊತ್ತೂ ತಪ್ಪಿಸೋದಿಲ್ಲ. ನಮ್ಮ ಊಟ ಮಾತ್ರ ಎಲ್ಲರದೂ ಆದ ಮೇಲೆ, ಮಿಕ್ಕಿದ್ದರಲ್ಲಿ! ಇನ್ನು ಮೇಲೆ ನಾವೂ ಹೊತ್ತಿಗೆ ಸರಿಯಾಗಿ ಉಣ್ಣೋಣ.