ಹಳೇ ಚೀಟಿಗೆ ಹೊಸ ಗುಳಿಗಿ ಇಲ್ಲರೀ!

“ಯಣ್ಣಾ, ಹೋದ ಸಲ ಕೊಟ್ಟಿದ್ಯಲ್ಲ, ಅದೇ ಗುಳಿಗಿ ನಾಕು ಕೊಡು.”

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ, ಯಾವ ಊರಿನ ಔಷಧಿ ಅಂಗಡಿ ಮುಂದೆ ನಿಂತರೂ ಕಿವಿಗೆ ಬೀಳುವ ಮಾತಿದು. ಬಸ್ಸಿಗೆ ಹೊತ್ತಾಗಿದೆ, ದವಾಖಾನೆಯಲ್ಲಿ ಪಾಳಿ ಹಚ್ಚಲು ಪುರಸೊತ್ತಿಲ್ಲ. ಗಿರಾಕಿ ಕೇಳುತ್ತಾನೆ, ಅಂಗಡಿಯವರು ಕತ್ತರಿಸಿ ಕೊಡುತ್ತಾರೆ.

ಕಾಯದೆ ಒಪ್ಪುತ್ತದೆಯೇ? ಇಲ್ಲ. 1940ರ ಔಷಧ ಕಾಯದೆ ಮತ್ತು 1945ರ ನಿಯಮಗಳು ಎಲ್ಲ ಔಷಧಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ‘ಎಚ್’ ಪಟ್ಟಿಯ ಔಷಧಿಗೆ ಡಾಕ್ಟರ ಚೀಟಿ ಬೇಕೇ ಬೇಕು. ‘ಮತ್ತೆ ಕೊಡಬಹುದು’ ಎಂದು ಡಾಕ್ಟರು ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ!

2014ರ ಮಾರ್ಚ್ 1ರಿಂದ ‘ಎಚ್-1’ ಎಂಬ ಇನ್ನೊಂದು ಬಿಗಿ ಪಟ್ಟಿ ಜಾರಿಗೆ ಬಂತು. ಮೊದಲಿಗೆ ಅದರಲ್ಲಿದ್ದವು 46 ಔಷಧಿ: ಜೋರಾದ ಆಂಟಿಬಯಾಟಿಕ್, ಕ್ಷಯದ ಔಷಧಿ ಇತ್ಯಾದಿ. ಇವನ್ನು ಕೊಟ್ಟರೆ ಡಾಕ್ಟರ ಹೆಸರು-ವಿಳಾಸ, ರೋಗಿಯ ಹೆಸರು, ಔಷಧಿ, ಎಷ್ಟು ಕೊಟ್ಟಿತು ಎಂಬುದನ್ನು ಬೇರೆ ರಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು.

ಇಷ್ಟೆಲ್ಲ ಕಟ್ಟುನಿಟ್ಟು ಯಾಕ್ರೀ ಅಂತೀರಾ? ಆಂಟಿಬಯಾಟಿಕ್ಕನ್ನು ಬೇಕಾದಾಗ ನುಂಗಿ ಬೇಡವಾದಾಗ ಬಿಟ್ಟರೆ ರೋಗಾಣು ಅದಕ್ಕೆ ಬಗ್ಗದಂತಾಗುತ್ತದೆ. ಮುಂದೆ ಜೀವಕ್ಕೇ ಕುತ್ತು ಬಂದಾಗ ಅದೇ ಔಷಧಿ ನಾಟುವುದಿಲ್ಲ. ಕೀಲುನೋವಿಗೆ ನುಂಗುವ ಸ್ಟಿರಾಯ್ಡ್ ಗುಳಿಗಿ ಎರಡು ದಿನ ಹಾಯೆನಿಸುತ್ತದೆ; ಡಾಕ್ಟರನ್ನು ಕೇಳದೆ ತಿಂಗಳುಗಟ್ಟಲೆ ನುಂಗಿದರೆ ರಕ್ತದಲ್ಲಿ ಸಕ್ಕರೆ ಏರಬಹುದು, ಎಲುಬು ಸವೆಯಬಹುದು.

ಹಾಗಾದರೆ ಕಿರಾಣಿ ಅಂಗಡಿಯವರು? ಅವರಿಗೂ ಒಂದು ಸಣ್ಣ ರಿಯಾಯಿತಿ ಉಂಟು. ಜನಸಂಖ್ಯೆ 1,000 ಮೀರದ ಹಳ್ಳಿಯಲ್ಲಿ ಪ್ಯಾರಾಸಿಟಮಾಲ್, ನೋವಿನ ಬಾಮು, ಗ್ರೈಪ್ ವಾಟರ್‌ನಂಥ ಮನೆಮದ್ದನ್ನು ಲೈಸೆನ್ಸ್ ಇಲ್ಲದೆ ಮಾರಬಹುದು. ಆದರೆ ಲೈಸೆನ್ಸ್ ಇದ್ದವರಿಂದಲೇ ಖರೀದಿಸಿರಬೇಕು, ಮೂಲ ಪ್ಯಾಕು ಒಡೆಯಬಾರದು. ತಾಲೂಕು ಊರಿನ ಕಿರಾಣಿಗೆ ಈ ರಿಯಾಯಿತಿ ಇಲ್ಲ.

ಪ್ರಯಾಣಿಕರೇ, ಗುಳಿಗಿ ಕಿಸೆಗೆ ಹಾಕುವ ಮುನ್ನ ಪಟ್ಟಿಯನ್ನೊಮ್ಮೆ ತಿರುವಿ ನೋಡಿ. ಕೆಂಪು ಗೆರೆ ಇದ್ದರೆ ಅದು ಚೀಟಿ ಇಲ್ಲದೆ ಕೇಳುವ ಔಷಧಿಯಲ್ಲ. ಕತ್ತರಿಸಿ ಕೊಟ್ಟ ತುಂಡಿನಲ್ಲಿ ಹೆಸರು, ಅವಧಿ ಮುಗಿಯುವ ತಾರೀಖು ಕಾಣದಿದ್ದರೆ ಬೇಡ ಅನ್ನಿ. ಬಿಲ್ಲು ಕೇಳಿ ಇಸಕೊಳ್ಳಿ.

“ಚೀಟಿ ಎಲ್ಲೈತ್ರಿ?” ಎಂದು ಕೇಳಿದ ಅಂಗಡಿಯವರ ಮೇಲೆ ಮಾತ್ರ ಸಿಟ್ಟಾಗಬೇಡಿ. ಅವರು ಕೇಳುವುದು ನಿಮ್ಮ ಜೀವದ ಸಲುವಾಗಿಯೇ!